ಮಂಗಳವಾರ ಅಂಗಡಿ ರಜೆ

ವಾರಕ್ಕೆ ಆರು ದಿನ ಮಂಡ್ಯದ ತಲೆಗಳು
ನನ್ನ ಕೈಯ ಮಾತು ಕೇಳುತ್ತವೆ.
ಬೆರಳಿಂದ ತುಸು ಒತ್ತಿದರೆ ಸಾಕು,
ಮೇಷ್ಟ್ರಾಗಲಿ, ಪೊಲೀಸಾಗಲಿ, ಕಬ್ಬಿನ ಲಾರಿ ಡ್ರೈವರಾಗಲಿ
ಗದ್ದ ಎದೆಗಾನಿಸಿ ಸುಮ್ಮನೆ ಕೂರುತ್ತಾರೆ.
ಮಂಗಳವಾರ ನನ್ನ ಪಾಲಿಗೆ ಒಂದೇ ತಲೆ,
ಒಂದೂವರೆ ವರ್ಷದ್ದು.
ಅದು ಯಾರ ಮಾತೂ ಕೇಳುವುದಿಲ್ಲ.

ಎಂಟಕ್ಕೆ ರೇವತಿ ಆಸ್ಪತ್ರೆ ಡ್ಯೂಟಿಗೆ ಹೊರಡುತ್ತಾಳೆ.
ಗೇಟಿನ ಹತ್ತಿರ ಒಂದು ಟಾಟಾ, ತಿರುವಿನಲ್ಲಿ ಇನ್ನೊಂದು,
ಅವಳು ಮರೆಯಾದ ಮೇಲೆ ನಾಯಿಗೆ, ಹಾಲಿನವನ ಸೈಕಲ್ಲಿಗೆ,
ಕರೆಂಟು ಕಂಬಕ್ಕೆ.
ಯಾರದೂ ಬಾಕಿ ಉಳಿಸುವವಳಲ್ಲ ನಮ್ಮ ಹಂಸಿ.

ಮೊದಲು ನೀರಿನ ಕೆಲಸ.
ಎರಡು ಚೊಂಬು, ಒಂದು ಟೀ ಜಾಲರಿ.
ಚೊಂಬಿಂದ ಚೊಂಬಿಗೆ ಸುರಿಯುತ್ತಾಳೆ,
ಅರ್ಧ ಚೊಂಬಿಗೆ, ಅರ್ಧ ನನ್ನ ಲುಂಗಿಗೆ.
ಜಾಲರಿಯಲ್ಲಿ ನೀರೆತ್ತಿ, ಎತ್ತಿದ್ದು ಎಲ್ಲಿ ಹೋಯಿತೆಂದು
ಅಡಿಗೆ ಬಗ್ಗಿ ನೋಡುತ್ತಾಳೆ. ಮತ್ತೆ ಎತ್ತುತ್ತಾಳೆ.
ಮತ್ತೆ ನೋಡುತ್ತಾಳೆ.
"ನೀಲು ಇಲ್ಲ" ಎಂದು ಖಾಲಿ ಜಾಲರಿ ನನ್ನ ಮುಖಕ್ಕೆ ಹಿಡಿಯುತ್ತಾಳೆ,
ಕುಡಿದವನು ನಾನೇ ಎಂಬಂತೆ.

ಆಮೇಲೆ ಅವರೆಕಾಯಿ.
ಮೊರದ ತುಂಬ ಚಳಿಗಾಲದ ಸೊಗಡು.
ನಾನು ಸುಲಿದು ಬಟ್ಟಲಿಗೆ ಹಾಕಿದ ಕಾಳನ್ನು
ಅವಳು ತೆಗೆದು ಸಿಪ್ಪೆಯೊಳಗೆ ವಾಪಸ್ಸಿಡುತ್ತಾಳೆ,
ಒಂದೊಂದಕ್ಕೂ ಬೆರಳು ತಟ್ಟಿ "ತಾಚಿ" ಎನ್ನುತ್ತ.
ಒಂದು ಗಂಟೆ ದುಡಿದರೂ ಸಾರಿಗಾಗುವಷ್ಟು ಕಾಳಿಲ್ಲ.
ಎರಡು ಹಸಿರು ಹುಳ ಸಿಕ್ಕವು.
ಅವಕ್ಕೂ ಟಾಟಾ.

ರೈಲ್ವೆ ಗೇಟು ನನ್ನ ಕಾಲಿಗೆ ಐದು ನಿಮಿಷ,
ಅವಳ ಕಾಲಿಗೆ ಮುಕ್ಕಾಲು ಗಂಟೆ.
ಈ ರಸ್ತೆಯಲ್ಲೇ ಹುಟ್ಟಿ ಬೆಳೆದವನು ನಾನು.
ಚರಂಡಿಯ ಕಲ್ಲಿಗೆ ಬಿರುಕಿದೆಯೆಂದು,
ಬಿರುಕಿನೊಳಗೊಂದು ಇರುವೆ ಸಂಸಾರವಿದೆಯೆಂದು,
ಸೋಡಾ ಮುಚ್ಚಳವೊಂದನ್ನು ಜೇಬಲ್ಲಿಟ್ಟರೆ
ದಾರಿಯುದ್ದಕ್ಕೂ ಹತ್ತು ಸಲ ಕಳೆದು ಹತ್ತು ಸಲ ಸಿಗುತ್ತದೆಂದು
ಗೊತ್ತಿರಲಿಲ್ಲ.

ಗೇಟು ಬಿದ್ದಿತ್ತು. ಕಬ್ಬಿನ ಟ್ರ್ಯಾಕ್ಟರಿನ ಹುಡುಗ
ಜಲ್ಲೆಯೊಂದು ಮುರಿದು ಅವಳ ಕೈಗಿಟ್ಟ.
ಅವಳಿಗಿಂತ ಉದ್ದ. ಎಳೆದುಕೊಂಡೇ ನಡೆದಳು,
ಮಣ್ಣಲ್ಲಿ ಗೀಟು ಬೀಳುತ್ತ ಬಂತು.
ರೈಲು ಬಂದಾಗ ಮಾತ್ರ ಜಲ್ಲೆ ಬಿಸಾಡಿ
ನನ್ನ ಕತ್ತಿನೊಳಗೆ ಮುಖ ಹುದುಗಿಸಿದಳು.
ಕೊನೆಯ ಡಬ್ಬಿ ದಾಟಿದ ಮೇಲೆ ತಲೆಯೆತ್ತಿ
"ಇನ್ನೊಂದು" ಅಂದಳು.
ಗಾರ್ಡು ಹಸಿರು ಬಾವುಟ ಅಲ್ಲಾಡಿಸಿದ,
ಅವಳಿಗೋ, ಮೂವತ್ತಾರರಲ್ಲೂ
ಕೈ ಬೀಸುತ್ತ ನಿಂತಿದ್ದ ನನಗೋ.

ಮಧ್ಯಾಹ್ನ ಮುದ್ದೆಯ ಒಂದು ಚೂರು ಬಾಯಿಗೆ,
ಒಂದು ಚೂರು ಕಾಗೆಗೆ, ಒಂದು ಗೋಡೆಗೆ.
ನಿದ್ದೆ ಬರುತ್ತದೆಂದು ನಾನು ಕಾದೆ.
ಬಂದದ್ದು ಬಾಚಣಿಗೆ, ಅವಳ ಕೈಯಲ್ಲಿ.

ಅವಳ ಕೂದಲಿಗಿನ್ನೂ ಕತ್ತರಿ ಮುಟ್ಟಿಲ್ಲ,
ಮುತ್ತತ್ತಿಗೆ ಹರಕೆಯಿದೆ.
ಆದರೆ ಕಸುಬು ಬೆರಳಿಗೆ ಯಾವಾಗ ಹತ್ತಿತೋ.
ನನ್ನನ್ನು ನೆಲದ ಮೇಲೆ ಕೂರಿಸಿದಳು.
ಟವಲು ಒದರಿ ಮೊಣಕಾಲಿಗೆ ಹೊದಿಸಿದಳು,
ಹೆಗಲು ಎಟುಕಲಿಲ್ಲ.
ಚೊಂಬಿನ ನೀರು ನೆತ್ತಿಗೆ. ಕಿವಿಗೆ. ಬೆನ್ನಿಗೆ.
ಪುಟ್ಟ ಅಂಗೈ ಹಿಂದಲೆಯ ಮೇಲಿಟ್ಟು
ತುಸು ಒತ್ತಿದಳು.

ಹದಿನೇಳು ವರ್ಷ ಆ ಒತ್ತನ್ನು ಕೊಟ್ಟವನು ನಾನು,
ಪಡೆದದ್ದಿಲ್ಲ.
ಗದ್ದ ಎದೆಗಾನಿಸಿ ಸುಮ್ಮನೆ ಕೂತೆ.
ಹಲ್ಲು ಮುರಿದ ಬಾಚಣಿಗೆ
ಹಣೆಯಿಂದ ಹೊರಟು ಎಲ್ಲೆಲ್ಲಿಗೋ ಹೋಯಿತು.
ಕಣ್ಣು ಮುಚ್ಚಿತು, ನನ್ನದು.
"ಆತು" ಎಂದು ಬೆನ್ನಿಗೊಂದು ಏಟು ಬಿದ್ದಾಗಲೇ ಎಚ್ಚರ.
ಕೈ ಚಾಚಿ ನಿಂತಿದ್ದಳು.
ಸೋಡಾ ಮುಚ್ಚಳ ಕೊಟ್ಟೆ. ಚಿಲ್ಲರೆ ಕೊಡಲಿಲ್ಲ.

ಬುಧವಾರ ಬೆಳಿಗ್ಗೆ ಮೊದಲ ಗಿರಾಕಿ, ಬೋರೇಗೌಡರು,
ಕನ್ನಡಿಯಲ್ಲಿ ನನ್ನನ್ನೇ ನೋಡಿ ನಕ್ಕರು:
"ಅದ್ಯಾವನಪ್ಪಾ ನಿಂಗೆ ಬೈತಲೆ ತೆಗ್ದೋನು?
ನೆತ್ತಿ ಮ್ಯಾಲೆ ನಾಲೆ ತೋಡವ್ನೆ!"
ಎರಡು ಸಲ ಬಾಚಿದ್ದೆ, ಆದರೂ ಉಳಿದಿತ್ತು.
"ಮಂಗಳವಾರಾನೂ ತೆಗೆದಿರೋ ಅಂಗಡಿ ಒಂದದೆ, ಗೌಡ್ರೆ,"
ಅಂದು ಅವರ ತಲೆಯನ್ನು
ಎಂದಿಗಿಂತ ಮೆಲ್ಲಗೆ ಬಗ್ಗಿಸಿದೆ.