ಗಜನಿಗೊಂದು ಚೌಕ

ಮೊದಲನೆಯದಕ್ಕೆ ತಿಂಗಳ ಬಾಡಿಗೆ.
ಹದಿನೈದು ದಿನ ಪುಕ್ಕಟೆ ಎಂದು ಜಟ್ಟು ಇಳಿಸಿಕೊಂಡ
ಕುಮಟೆಯ ನನ್ನ ಫ್ಲೆಕ್ಸ್ ಅಂಗಡಿಯಲ್ಲಿ,
ಕೊನೆಯ ಬ್ಯಾನರು ಒಣಗಲು ಹಾಕಿದ ಮೇಲೆ, ರಾತ್ರಿ.
ತೆರೆದರೆ ಹಿಮದ ಬೆಟ್ಟ, ಚೂಪು ತಲೆಯ ಮರ,
ಮೂಲೆಯಲ್ಲಿ ಬಾಲ ಸುತ್ತಿಕೊಂಡ ರೆಕ್ಕೆಯ ಹಾವು.
ತೆಂಗು ಹುಡುಕಿದೆವು.
‘ಮರುಭೂಮಿ’ ಎಂಬ ಖಾನೆಯಲ್ಲಿ ಒಂದು ಸಿಕ್ಕಿತು,
ನೋಡಿದರೆ ಖರ್ಜೂರ.

‘ಇದ್ರಲ್ಲಿ ನಮ್ಮ ದೋಣಿ ಎಲ್ಲಿ ಕಟ್ಟೂದು?’
ಕೇಳಿದಳು ತಬಸ್ಸುಮ್. ಆಟ ಅವಳದು:
ಮಿರ್ಜಾನಿನ ಕೋಟೆಯ ಬುಡದಲ್ಲಿ ಮೆಣಸು ಹೇರಿದ ದೋಣಿ
ನೀರು ಬತ್ತುವ ಮೊದಲು ಅಳಿವೆ ದಾಟಬೇಕು.
ತಪ್ಪಿತೋ, ಆರು ತಾಸು ಕೆಸರಲ್ಲಿ,
ಕೊಕ್ಕರೆಗಳ ಪಂಕ್ತಿಯಲ್ಲಿ ಕೂತಿರಬೇಕು.

ಎರಡನೆಯದು ಜೇನುಗೂಡಿನ ಹಾಗೆ
ಆರು ಮೂಲೆಯ ಮನೆಗಳದು. ಯುದ್ಧಕ್ಕೆ ಒಳ್ಳೆಯದಂತೆ.
ನಮ್ಮಲ್ಲಿ ಯುದ್ಧವಿಲ್ಲ,
ತಡವಾಗುವ ಭಯ ಮಾತ್ರ.

ಮೂರನೆಯದು ತಾನೇ ಮಾಡುತ್ತದೆ.
ಗುಂಡಿ ಒತ್ತಿದರೆ ಒಂದು ದ್ವೀಪ, ಮತ್ತೆ ಒತ್ತಿದರೆ ಬೇರೆ.
ನದಿಗೆ ಹೆಸರನ್ನೂ ಅದೇ ಇಡುತ್ತದೆ,
ಗಂಟಲಲ್ಲಿ ಮುಳ್ಳು ಸಿಕ್ಕಂಥ ಹೆಸರು.
ಜಟ್ಟು ನಲವತ್ತು ಸಲ ಒತ್ತಿದ.
ಯಾರೂ ಬಲೆ ಬೀಸದ
ನಲವತ್ತು ದಂಡೆಗಳು ಬಂದು ಹೋದವು.
ಅವನಿಗೆ ಅದೇ ಇಷ್ಟವಾಗಿತ್ತು. ಈಗಲೂ ಕೆಲವೊಮ್ಮೆ
ನಾವಿಲ್ಲದಾಗ ಒತ್ತುತ್ತಾನೆ.

ನಾಲ್ಕನೆಯದು ಹಳತು, ಬೂದು ಬಣ್ಣದ್ದು.
ಮರವಿಲ್ಲ, ಬೆಟ್ಟವಿಲ್ಲ, ಬರೀ ಚೌಕ.
ಹದಿನಾರಕ್ಕೆ ಹದಿನಾರು ಚುಕ್ಕಿ, ನೀವೇ ತುಂಬಿ.
ತುಂಬಿದ ಚೌಕಕ್ಕೆಲ್ಲ ಅದರದು ಒಂದೇ ಪ್ರಶ್ನೆ:
ನೆಲವೋ? ನೀರೋ?

ದಂಡೆಗೆ ನೆಲ ಎಂದೆ. ಹೊಳೆಗೆ ನೀರು ಎಂದೆ.
ಮಾಣಿಕಟ್ಟೆಗೆ ಬಂದಾಗ ಕೈ ನಿಂತಿತು.
ಮಳೆಗಾಲದಲ್ಲಿ ಅಲ್ಲಿ ಎದೆಮಟ್ಟದ ಕಗ್ಗ,
ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ.
ಒಂದೇ ಸರ್ವೆ ನಂಬರು.
ಹಿಂದೊಮ್ಮೆ ತಲಾಟಿಯೂ ಇದನ್ನೇ ಕೇಳಿ
ಪೆನ್ನಿನ ತುದಿ ಕಚ್ಚುತ್ತ ಕೂತಿದ್ದನಂತೆ,
ಆಮೇಲೆ ಚಹಾ ಕುಡಿದು ಹೋದನಂತೆ.

ಮರುದಿನ ಜಟ್ಟುವಿನ ಚಿಕ್ಕಮ್ಮ ದೇವಿ ಬಂದಳು,
ಮೊಮ್ಮಗಳ ತೊಟ್ಟಿಲ ಬ್ಯಾನರಿಗೆ.
ಬೆಳಚು ಆರಿಸಿ ಆರಿಸಿ ಸುಕ್ಕಿದ ಬೆರಳು.
ಪರದೆ ನೋಡಿ ನಕ್ಕಳು:
‘ಇದೆಂತದ್ರಾ, ನೀರು ಯಾವಾಗ್ಲೂ ಹೀಂಗೇ ನಿಂತಿರ್ತದ್ಯಾ?
ಜಂತ್ರಡಿ ಎಲ್ಲಿ?’

ಜಂತ್ರಡಿ ಇರಲಿಲ್ಲ. ಆದರೆ ಪದರಗಳಿದ್ದವು,
ಪ್ರತಿ ಪದರದ ಪಕ್ಕ ಪುಟ್ಟದೊಂದು ಕಣ್ಣು.
ಕೆಳಗಿನದರಲ್ಲಿ ಕೆಸರು ಬಿಡಿಸಿದೆ,
ಮೇಲಿನದರಲ್ಲಿ ನೀರು.
ಕಣ್ಣು ಮುಚ್ಚಿಸಿದರೆ ಇಳಿತ, ತೆರೆಸಿದರೆ ಭರತ.
ಒಂದೇ ಚೌಕ ಎರಡು ಸಲ ಉತ್ತರಿಸಿತು,
ಎರಡು ಸಲವೂ ಸುಳ್ಳು ಹೇಳದೆ.
ತಬಸ್ಸುಮ್ ಕುರ್ಚಿಯಲ್ಲೇ ಕುಣಿದಳು.

‘ಒಂದೇ ಸಲ ಇಳೀತದ್ಯಾ?’ ಎಂದಳು ದೇವಿ ಚಿಕ್ಕಮ್ಮ.
‘ಹಲಗೆ ಒಂದೊಂದೇ ತೆಗೀಬೇಕು.’

ಹಾಗಾಗಿ ಈಗ ಒಂಬತ್ತು ಪದರ.
ಯಂತ್ರದ ಫ್ಯಾನು ಗಾಳಿಮರದ ಹಾಗೆ ಸೊಂಯ್ಗುಡುತ್ತದೆ.
ತಪ್ಪಾದರೆ ಐದೇ ಹೆಜ್ಜೆ ಹಿಂದೆ ಬಿಡುತ್ತದೆ ಈ ಬೂದು ತಂತ್ರಾಂಶ,
ಆರನೆಯ ತಪ್ಪು ನಮ್ಮದೇ.
ಕೆಸರಿಗೆ ಎಂಟನೇ ಬಣ್ಣ ಹುಡುಕುತ್ತಿದ್ದೇನೆ.
ಕೆಸರು ಕಂದು ಅಲ್ಲ,
ಬೆಳಿಗ್ಗೆ ಏಳಕ್ಕೆ ಅದು ಹೆಚ್ಚುಕಡಿಮೆ ನೀಲಿ.

ಹೊರಡುವಾಗ ಆಕೆ ಪರದೆಯ ಮೇಲೆ ಬೆರಳಿಟ್ಟು
‘ಇಲ್ಲಿ ಕಾಲಿಡ್ಬೇಡಿ, ಹೂಳು, ಸೊಂಟದವರೆಗೆ’ ಎಂದಿದ್ದಳು.
ಬೆರಳಿನ ಗುರುತು ಹಾಗೇ ಇದೆ, ಉಪ್ಪಿನ ಮಸುಕು.
ಒರೆಸಿಲ್ಲ. ಯಾವ ಪದರಕ್ಕೂ ಸೇರಿಲ್ಲ ಅದು.
ನಿನ್ನೆ ಆಡಿ ನೋಡಿದೆವು:
ಬ್ಯಾನರಿನ ಹಣವನ್ನು ಇನ್ನೂ ಕೊಡದ ದೇವಿ ಚಿಕ್ಕಮ್ಮನ
ಆ ಮಸುಕಿನ ಕೆಳಗೇ
ನಮ್ಮ ಮೆಣಸಿನ ದೋಣಿ ಮೂರು ಸಲ ಹೂತಿತು.