ಅರವಟ್ಟಿಗೆ

ಇಲ್ಲಿಯವರು ಪ್ಯಾವ್ ಎನ್ನುತ್ತಾರೆ.
ಮಸ್ಜಿದ್ ಬಂದರಿನಲ್ಲಿ ಇಳಿದು, ಮೆಣಸಿನ ಘಾಟಿಗೆ ಸೀನುತ್ತ
ಎಡಕ್ಕೆ ಎರಡನೆಯ ಗಲ್ಲಿ.
ಮೂವತ್ತೊಂದು ವರ್ಷ ಅದರ ಬೆನ್ನಿಗೇ
ಪಾತ್ರೆ ತೊಳೆದ ನೀರು ಚೆಲ್ಲಿದವನು ನಾನು,
ಅದು ನೀರಿನದೇ ಮನೆಯೆಂದು ಗೊತ್ತಿಲ್ಲದೆ.

ಗೊತ್ತಾಗುವುದಾದರೂ ಹೇಗೆ?
ಕಲ್ಲಿನ ಮೇಲೆ ಏಳು ಬಣ್ಣ, ಏಳು ಚುನಾವಣೆ.
ಹಸುವಿನ ನಾಲ್ಕು ಬಾಯಿಗೂ ಸಿಮೆಂಟು.
ದನ ಕುಡಿಯುತ್ತಿದ್ದ ಬಾನಿಯಲ್ಲಿ ಟಯರು,
ಟಯರಿನೊಳಗೆ ಬೆಕ್ಕು, ಬೆಕ್ಕಿಗೆ ಐದು ಮರಿ.
ಕಮಾನಿನ ಎದೆಗೆ ಮೊಳೆ ಹೊಡೆದು ಮೀಟರ್ ಪೆಟ್ಟಿಗೆ.

ಟೆಂಪೊ ನಿಲ್ಲಲು ಜಾಗ ಬೇಕು, ಕೆಡವಿ ಎಂದರು.
ಕಾಗದ ಬಂತು, ಅಳತೆಯ ಟೇಪು ಬಂತು,
ಸುಣ್ಣದ ಪುಡಿಯಲ್ಲಿ ಗೆರೆ ಬಂತು.
ಎಲ್ಲರೂ ಸರಿ ಎಂದೆವು. ನಾನೂ.
ಅಡ್ಡ ನಿಂತವಳು ನಿಂಬೆಹಣ್ಣಿನ ಹೌಸಾಬಾಯಿ ಒಬ್ಬಳೇ:
"ಬಿಸಿಲಲ್ಲಿ ನನ್ನ ಬೆನ್ನಿಗೆ ಇದೊಂದೇ ತಂಪು.
ಮೊದಲು ನನ್ನ ಬೆನ್ನು ಕೆಡವಿ."

ಆಮೇಲೆ ಫರ್ಜೀನ್ ಬಂದಳು, ಹಳೆಯ ಕಟ್ಟಡಗಳನ್ನೇ ಓದಿದ ಹುಡುಗಿ,
ಚೀಲದ ತುಂಬ ಹಲ್ಲುಜ್ಜುವ ಬ್ರಶ್ಶು.
ಬೀಗದ ಕಾಸಮ್ ನಕ್ಕ; ನಕ್ಕವನೇ ಮೊದಲು ಕೂತ.
ಬಲ ಹಾಕದೆ ತೆರೆಯುವುದು ಅವನ ಬೆರಳಿಗೆ ಗೊತ್ತು.
ಭಾನುವಾರಕ್ಕೊಂದು ಪದರ ಬಿಡುತ್ತ ಬಂತು:
ನೀಲಿ, ಕೇಸರಿ, ಹಸಿರು, ಹೆಸರಿಲ್ಲದ ಒಂದು ಕಂದು,
ಕಡೆಗೆ ಗೋಧಿ ಮೈಬಣ್ಣದ ಕಲ್ಲು.
ಹಮಾಲಿಗಳ ಮುಕಾದಮ ದಗಡು ಅಂಗೈಯಿಟ್ಟು ನೋಡಿದವನು
ಎಷ್ಟೋ ಹೊತ್ತು ಅಂಗೈ ತೆಗೆಯಲಿಲ್ಲ.

ಬಿರುಕಿಗೆ ಸಿಮೆಂಟು ಕೂಡದಂತೆ, ಕಲ್ಲು ಉಸಿರಾಡಬೇಕಂತೆ.
ಗಾರೆಯೇ ಆಗಬೇಕು: ಸುಣ್ಣ, ಮರಳು, ಬೆಲ್ಲದ ನೀರು,
ನೆನೆಸಿ ಅರೆದ ಉದ್ದು.
ಉದ್ದು ಎಂದದ್ದೇ ಎಲ್ಲರೂ ನನ್ನ ಕಡೆ ತಿರುಗಿದರು.
ದೇವರೇ, ಇಷ್ಟು ವರ್ಷಕ್ಕೆ
ಈ ಊರು ನನ್ನನ್ನು ಒಂದು ಮಾತು ಕೇಳಿತು.
ಎಷ್ಟು ನುಣ್ಣಗೆ? ಎಂದಳು ಹುಡುಗಿ.
ವಡೆಯ ಹದವಲ್ಲ, ದೋಸೆಯದು, ಎಂದೆ.
ನಸುಕಿನ ನಾಲ್ಕಕ್ಕೆದ್ದು ಎರಡೆರಡು ಸಲ ಅರೆದೆ,
ಒಂದು ಗಿರಾಕಿಗೆ, ಒಂದು ಕಮಾನಿಗೆ.
ಧಣಿ ಲೆಕ್ಕ ಕೇಳಲಿಲ್ಲ.
ಕೇಳಿದರು, ಮೂರನೆಯ ವಾರ. ಬೈದರು.
ಮರುದಿನ ತಾವೇ ಬೆಲ್ಲದ ಅಚ್ಚು ತಂದಿಟ್ಟರು.

ಮೀಟರ್ ಪೆಟ್ಟಿಗೆ ಕಳಚಿದ ದಿನ ಅಕ್ಷರ ಸಿಕ್ಕವು.
ಹಳೆಯ ಗುಜರಾತಿ; ಅಂಗಡಿಯ ಹುಡುಗರಿಗೆ ಓದಲು ಬಾರದು.
ಹುಂಡಿ ಬರೆಯುತ್ತಿದ್ದ ಮಾವ್‌ಜಿಕಾಕಾನನ್ನು
ಕುರ್ಚಿ ಸಮೇತ ಎತ್ತಿ ತಂದರು ಹಮಾಲಿಗಳು.
ಕನ್ನಡಕ ಒರೆಸಿ ಒರೆಸಿ ಓದಿದ:
ಮಗಳು ರಳಿಯಾತ್, ಒಂಬತ್ತು ವರ್ಷ, ಅವಳ ಬಾಯಾರಿಕೆಯ...
ಮುಂದಿನ ಮಾತನ್ನು ಮೊಳೆ ತಿಂದಿತ್ತು.
ಜ್ವರವೋ, ಹಡಗೋ, ಬರಗಾಲವೋ,
ಈಗ ಒಂದೊಂದು ಅಂಗಡಿಗೂ ಒಂದೊಂದು ಕತೆ.
ಆ ತೂತು ಮುಚ್ಚಬೇಡಿ ಎಂದಳು ಫರ್ಜೀನ್.
ಕರಣೆಯ ತುಂಬ ಗಾರೆ ಹಿಡಿದು ನಾನು ಅಲ್ಲೇ ನಿಂತಿದ್ದೆ.

ಇಷ್ಟೆಲ್ಲ ಆಗಿಯೂ ನೀರಿಲ್ಲ.
ಕೆಳಗಿನ ಕೊಳವೆ ಯಾವಾಗ ಸತ್ತಿತೋ ಕಛೇರಿಗೂ ತಿಳಿಯದು.
ಅರ್ಜಿ ಕೊಟ್ಟಿದ್ದೇವೆ. ಅರ್ಜಿಗೆ ನಂಬರು ಕೊಟ್ಟಿದ್ದಾರೆ.
ಹೌಸಾಬಾಯಿ ಕಾಯಲಿಲ್ಲ;
ಕಮಾನಿನಡಿ ಎರಡು ಮಣ್ಣಿನ ಕೊಡ ತಂದಿಟ್ಟು
ಕ್ಯಾಲೆಂಡರಿನ ಬೆನ್ನಲ್ಲಿ ಪಾಳಿ ಬರೆಸಿದಳು:
ಸೋಮವಾರ ಕಾಸಮ್, ಮಂಗಳವಾರ ಟಯರಿನವರು
(ಬೆಕ್ಕಿನ ಬಾಡಿಗೆ, ಎಂದು ನಗುತ್ತಾರೆ),
ಗುರುವಾರ ನಾನು.

ನಮ್ಮ ಕಡೆ ಇದಕ್ಕೆ ಅರವಟ್ಟಿಗೆ ಎನ್ನುತ್ತಾರೆ, ಎಂದೆ.
ಒಬ್ಬೊಬ್ಬರೇ ಹೇಳಿ ನೋಡಿದರು.
ದಗಡು ಅರ್ಧ ನುಂಗಿ, ಉಳಿದದ್ದನ್ನು ತಿರುಚಿ
"ಒಟ್ಟಿಗೆ" ಎಂದ.
ತಿದ್ದಲಿಲ್ಲ ನಾನು.

ಹೋದ ಗುರುವಾರ ಮರೆತೆ.
ಮಧ್ಯಾಹ್ನದ ಗಿರಾಕಿ ಇಳಿದ ಮೇಲೆ ನೆನಪಾಗಿ ಓಡಿದರೆ
ಕೈಗಾಡಿಯ ಹುಡುಗನೊಬ್ಬ ಕೊಡ ಬಗ್ಗಿಸಿಕೊಂಡಿದ್ದಾನೆ,
ಒಳಗೆ ಮುಖವಿಟ್ಟು,
ಯಾರನ್ನೋ ಕರೆಯುತ್ತಿರುವ ಹಾಗೆ.