ಕಂಸವಿಲ್ಲದ ಹೆಸರು

ಮಾವಳ್ಳಿ ಎರಡನೇ ಅಡ್ಡರಸ್ತೆ, ಪ್ಲೈವುಡ್ ಅಂಗಡಿಯ ಮಹಡಿ.
ಇಗ್ನೇಷಿಯಸ್ ಬಿಟ್ಟುಹೋದ ಕೋಡು ನನ್ನ ಪಾಲಿಗೆ ಬಂತು:
ಬಡಾವಣೆಯ ದೂರುಗಳನ್ನು ಆಳಿಗೆ ಮುಟ್ಟಿಸುವ ಕೆಲಸ.
ಇದಾದರೆ, ಇಲ್ಲವಾದರೆ ಅದಾದರೆ, ಇಲ್ಲವಾದರೆ
ಒಂದರ ಕೆಳಗೊಂದು ಮೂವತ್ತೊಂದು ಮೆಟ್ಟಿಲು.

ಬಚ್ಚಲಲ್ಲಿ ಹಾವು ಕಂಡ ಹೆಂಗಸು ಗುಂಡಿ ಒತ್ತಿದರೆ
ಯಂತ್ರ ಒಳಗೊಳಗೇ ಕೇಳಿಕೊಳ್ಳುತ್ತಿತ್ತು:
ಬೀದಿ ದೀಪವೇ? ಅಲ್ಲ.
ಕಸದ ಗಾಡಿಯೇ? ಅಲ್ಲ.
ನಲ್ಲಿಯೇ, ಮ್ಯಾನ್‌ಹೋಲೇ, ಬಿದ್ದ ಕೊಂಬೆಯೇ, ಜೇನೇ?
ಅಲ್ಲ ಅಲ್ಲ ಅಲ್ಲ ಅಲ್ಲ.
ಇಪ್ಪತ್ತೊಂಬತ್ತನೆಯ ಮೆಟ್ಟಿಲಲ್ಲಿ ಹಾವು.
ಕಣ್ಣು ಮಿಟುಕಿಸುವಷ್ಟೂ ಹೊತ್ತು ಹಿಡಿಯದು, ನಿಜ.
ಆದರೂ ನನಗೆ ಕಚೇರಿಯ ವಾಸನೆ ಬಡಿಯಿತು,
ಪಕ್ಕದ ಕೌಂಟರಿಗೆ ಹೋಗಿ ಎನ್ನುವ ವಾಸನೆ.

ಎಲ್ಲ ಕಿತ್ತೆ. ಒಂದು ನಿಘಂಟು ಕಟ್ಟಿದೆ.
ಎಡಕ್ಕೆ ಪದ, ನಡುವೆ ಎರಡು ಚುಕ್ಕಿ,
ಬಲಕ್ಕೆ ಅರ್ಥವಲ್ಲ, ಆಳು.
ಹಾವು : ಹಿಡಿದುಬಿಡು
ಕೊಂಬೆ : ಕಡಿ
ನಲ್ಲಿ : ಬಿಗಿ
ನಾಮಪದದ ಕದ ತಟ್ಟಿದರೆ ಕ್ರಿಯಾಪದ ಎದ್ದು ಬರಬೇಕು.

ಮೊದಲ ದಿನವೇ ಎಡವಿದೆ.
ಬಲಗಡೆಯ ಹೆಸರುಗಳ ಬಾಲಕ್ಕೆ ರೂಢಿಯಂತೆ ಕಂಸ ಹಾಕಿದ್ದೆ.
ಬರೆದದ್ದೇ ಕರೆದಂತಾಗಿ
ಹಾವಿನವನಿಗೆ, ಮರದವನಿಗೆ, ಚರಂಡಿಯವರಿಗೆ,
ಮೂವತ್ತೊಂದು ಮಂದಿಗೂ ಒಟ್ಟಿಗೆ ಸಂದೇಶ.
ಬೆಳಿಗ್ಗೆ ಆರಕ್ಕೆ ಫೋನೋ ಫೋನು:
ಎಲ್ಲಿಗೆ ಬರಲಿ? ಎಲ್ಲಿಗ್ರೀ ಬರಲಿ?

ಬೈಸಿಕೊಂಡು ಕಲಿತೆ.
ಹೆಸರು ಹೇಳುವುದು ಬೇರೆ, ಕರೆಯುವುದು ಬೇರೆ.
ನಮ್ಮಜ್ಜಿಗೆ ಇದು ಕಲಿಸದೆಯೇ ಗೊತ್ತಿತ್ತು:
ಒಡಪಿನೊಳಗೆ ಗಂಡನ ಹೆಸರು, ಒಂದೇ ಒಂದು ಸಲ;
ಕರೆಯಬೇಕಾದಾಗ ಬರೀ "ಇಲ್ಲಿ ಕೇಳಿ".
ಕಂಸ ಕಳಚಿದ ಹೆಸರೆಂದರೆ
ಜಗಲಿಯ ಮೇಲೆ ಹಗ್ಗ ಸುತ್ತಿಟ್ಟುಕೊಂಡು ಕೂತ ಮನುಷ್ಯ.
ಕೆಲಸ ಗೊತ್ತು. ಇನ್ನೂ ಎದ್ದಿಲ್ಲ.

ನಿಘಂಟಿನಲ್ಲಿಲ್ಲದ ಪದ ಬಂದರೆ ನನ್ನದೇ ನಂಬರು.
ಪಕ್ಕದ ಮನೆಯ ಹುಂಜ ಮೂರು ಸಲ ಬಂದಿದೆ.

ತಿಂಗಳ ಕೊನೆಗೆ ಲೆಕ್ಕ ತೆಗೆದೆ.
ಬಾವಿ : ಹೂಳೆತ್ತು
ಆರು ವರ್ಷದಲ್ಲಿ ಒಂದೂ ಕರೆ ಇಲ್ಲ.
ಅಳಿಸಲು ಹೋಗಿ, ಸುಮ್ಮನೆ ಒಳಗೆ ಇಣುಕಿದೆ:
ಒಂದು ನಂಬರು, ಮೇಲೆ ಇಗ್ನೇಷಿಯಸ್‌ನ ಟಿಪ್ಪಣಿ,
"ತಿಮ್ಮಾಭೋವಿ. ಸಂಜೆ ಮಾತ್ರ ಸಿಗುತ್ತಾರೆ."

ಸಂಜೆಯೇ ಆಗಿತ್ತು.
ಇದ್ದಾರೋ ಇಲ್ಲವೋ ನೋಡೋಣವೆಂದಷ್ಟೇ ಒತ್ತಿದ್ದು.
ಒಂದೇ ರಿಂಗಿಗೆ ಎತ್ತಿದರು.
"ಯಾವ ಬಾವಿ, ಮೇಡಂ?"
ಮಗ್ಗುಲಲ್ಲಿದ್ದ ಯಾರಿಗೋ, "ಏಯ್, ಬುಟ್ಟಿ ಇಳಿಸೋ ಕೆಳಗೆ."
"ಹೇಳಿ ಮೇಡಂ, ಎಷ್ಟು ಮಟ್ಟು ಆಳ?"

ನನ್ನ ಬಳಿ ಕಂಸವಿದೆ, ಒಳಗಿಡಲು ವಿಳಾಸವಿಲ್ಲ.
ತಪ್ಪು ನಂಬರು ಎನ್ನಲು ಬಾಯಿ ತೆರೆದೆ.
ಕೆಳಗೆ ಅಂಗಡಿಯ ಹುಡುಗ
ಅಂಗಳದ ಚಪ್ಪಡಿಯ ಮೇಲೆ ಸ್ಕೂಟರಿನ ಸ್ಟ್ಯಾಂಡು ಒದ್ದ.
ಟೊಳ್ಳು ಸದ್ದು.
ಮೂರು ವರ್ಷದಿಂದ ದಿನಾ ಕೇಳುವ ಸದ್ದೇ.

"ಒಂದ್ನಿಮಿಷ ಇರಿ" ಎಂದೆ,
ಚಪ್ಪಲಿ ಹುಡುಕುತ್ತ.